ಬಂಗುಡೆಯ ಜೊತೆ ಬಂದ ಹಾರ್ಡ್ ಡಿಸ್ಕು

ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗೆಗೆ ಬರವಿಲ್ಲ. ಅದು ಗಿರಾಕಿಯ ರೂಪದಲ್ಲಿ ತಾನೇ ಬಾಗಿಲಿಗೆ ಬರುತ್ತದೆ, ಅದೂ ನಾನು ಊಟಕ್ಕೆಂದು ಶಟರ್ ಎಳೆಯುವ ಹೊತ್ತಿಗೆ ಸರಿಯಾಗಿ. ಬಂದಾಗ ನನಗೆ ಸಿಟ್ಟೇ ಬರುವುದು. ನಗು ಬರುವುದು ಎರಡು ದಿನ ಕಳೆದು, ಸ್ನಾನ ಮಾಡುವಾಗ. ಈ ಮಳೆಗಾಲದಲ್ಲಿ ಒಂದು ಪುಟಾಣಿ ಹಾರ್ಡ್ ಡಿಸ್ಕು ನನ್ನನ್ನು ಕಾರ್ಕಳ, ಮಣಿಪಾಲ ಎಂದು ಊರೆಲ್ಲ ಸುತ್ತಿಸಿತು. ಆ ಕಥೆ ಇದು.

ಹಾಳಾಗಬಾರದು

ಕಾಪು ಎಂಬ ಊರಿನ ಒಬ್ಬರು ತಾಂಡೇಲರು ಫೋನ್ ಮಾಡಿದರು. ತಾಂಡೇಲ ಎಂದರೆ ಬೋಟು ನಡೆಸುವ ಯಜಮಾನ. ಅವರ ಬೋಟಿನಲ್ಲಿ ಹಳೆಯ ಕಾಲದ ಒಂದು ನಕ್ಷೆಯ ಮೆಶಿನ್ ಉಂಟು. ಕಡಲಿನಲ್ಲಿ ಎಲ್ಲಿ ಮೀನು, ಎಲ್ಲಿ ಬಲೆ ಹರಿಯುವ ಕಲ್ಲು ಎಂದು ಅವರು ಜೀವಮಾನವಿಡೀ ಗುರುತು ಹಾಕಿಟ್ಟ ಪಾಯಿಂಟುಗಳೆಲ್ಲ ಅದರೊಳಗೆ. ಈಗ ಮೆಶಿನ್ ಆನ್ ಆಗುತ್ತದೆ, ಪಾಯಿಂಟು ಒಂದೂ ಇಲ್ಲ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ದಿನ ಬೇರೆ ಹತ್ತಿರ ಬಂದಿತ್ತು.

"ಪಾಯಿಂಟು ಇಲ್ಲದೆ ಹೋದರೆ ಮೊದಲ ದಿನವೇ ಬಲೆ ಕಲ್ಲಿಗೆ. ಈ ವರ್ಷದ ಕಥೆ ಮುಗಿಯಿತು" ಎಂದರು.

ಮೆಶಿನ್ನಿನ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಿಸ್ಕು ಇರುತ್ತದೆ. ಅದರ ಹೊಟ್ಟೆಯಲ್ಲಿ ನಾಣ್ಯದಷ್ಟು ದೊಡ್ಡ ತಟ್ಟೆಯೊಂದು ಗಿರಗಿರ ತಿರುಗುತ್ತದೆ. ಮೆಮೊರಿ ಕಾರ್ಡು ಅಗ್ಗವಾಗುವ ಮೊದಲು ಇದರದ್ದೇ ಗತ್ತು. "ಅದನ್ನು ತೆಗೆದುಕೊಂಡು ಬನ್ನಿ. ಜಾಗ್ರತೆ, ದಾರಿಯಲ್ಲಿ ಹಾಳಾಗಬಾರದು" ಎಂದೆ.

ಮಧ್ಯಾಹ್ನ ಅವರು ಒಂದು ಥರ್ಮೊಕೋಲ್ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಐಸು, ಐಸಿನ ಕೆಳಗೆ ಬಂಗುಡೆ ಮೀನು, ಬಂಗುಡೆಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿದ ಹಾರ್ಡ್ ಡಿಸ್ಕು!

"ಇದೆಂತ ಮಾರಾಯ್ರೆ?"

"ಹಾಳಾಗಬಾರದೂಂತ ನೀವೇ ಹೇಳಿದ್ದಲ್ವಾ? ಕಾಪಿನಿಂದ ಉಡುಪಿಗೆ ಐಸು ಹಾಕದೆ ತಂದದ್ದು ಯಾವುದು ಉಳಿದದ್ದುಂಟು?"

"ಬಂಗುಡೆ ಯಾಕೆ?"

"ಅದು ನಿಮಗೆ. ತಾಜಾ ಉಂಟು."

ನಮ್ಮದು ದೇವಸ್ಥಾನದ ಪೂಜೆಯ ಮನೆತನ, ಮೀನು ತಿನ್ನುವುದಿಲ್ಲ ಎಂದೆ. ತಾಂಡೇಲರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟು ಕನಿಕರದಿಂದ ನನ್ನನ್ನು ಯಾರೂ ನೋಡಿದ್ದಿಲ್ಲ.

"ಅಯ್ಯೋ ಪಾಪ" ಎಂದರು. "ಯಾವ ಡಾಕ್ಟ್ರು ಬೇಡ ಅಂದದ್ದು?"

ಅಮ್ಮನ ಫ್ರಿಜ್ಜು

ಡಿಸ್ಕನ್ನು ಒರೆಸಿ, ಒಣಗಿಸಿ, ಬೈಯುತ್ತಲೇ ಕಂಪ್ಯೂಟರಿಗೆ ಸಿಕ್ಕಿಸಿದೆ. ಆಶ್ಚರ್ಯವೆಂದರೆ ಓಡಿತು! ಪಾಯಿಂಟುಗಳ ಫೈಲು ಕಂಡಿತು. ಕಾಪಿ ಮಾಡಲು ಹೊರಟೆ. ತಾಂಡೇಲರು ಥಟ್ಟನೆ ನನಗೂ ಪರದೆಗೂ ನಡುವೆ ಬಂದು ನಿಂತರು.

"ತೆರೆದು ನೋಡಬಾರದು."

"ನಾನು ನೋಡಿ ಎಂತ ಮಾಡುದು? ನನಗೆ ದೋಣಿ ಉಂಟಾ, ಬಲೆ ಉಂಟಾ?"

"ನಿಮಗಿಲ್ಲ. ನನ್ನ ಭಾವನಿಗೆ ಉಂಟು."

ಭಾವ ಎಂದರೆ ಅವರ ಹೆಂಡತಿಯ ಅಣ್ಣ; ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವರದ್ದೂ ಒಂದು ಬೋಟು. ನೆಲದ ಮೇಲೆ ಇಬ್ಬರೂ ಒಂದೇ ಬಾಳೆಲೆಯಲ್ಲಿ ಉಣ್ಣುವಷ್ಟು ಪ್ರೀತಿ. ಕಡಲಿಗಿಳಿದರೆ ಮಾತ್ರ ಭಾವನ ಬೋಟು ಬೈನಾಕ್ಯುಲರ್ ಹಿಡಿದು ಇವರ ಬೆನ್ನಿಗೇ ಬೀಳುತ್ತದೆಯಂತೆ. ಪಾಯಿಂಟು ಕಳೆದುಹೋದರೆ ಒಂದು ವರ್ಷ ಹೋಯಿತು, ಭಾವನಿಗೆ ಸಿಕ್ಕಿದರೆ ಆಯುಷ್ಯವೇ ಹೋಯಿತು ಎಂದು ತಾಂಡೇಲರು ಹೇಳಿದರು.

ಅಷ್ಟರಲ್ಲಿ ಡಿಸ್ಕು ಬೆಚ್ಚಗಾಗಿ ಟಿಕ್ ಟಿಕ್ ಎಂದು ನಿಂತೇಹೋಯಿತು. ಇಂಥ ಮುದಿ ಡಿಸ್ಕುಗಳು ತಣ್ಣಗಿದ್ದಾಗ ಕೆಲವೊಮ್ಮೆ ಸ್ವಲ್ಪ ಹೊತ್ತು ಓಡುವುದುಂಟು. ನಾವು ಬಲ್ಲವರು ಇದನ್ನು ಗಿರಾಕಿಗಳಿಗೆ ಹೇಳುವುದಿಲ್ಲ, ಬೆಲೆ ಕಡಿಮೆಯಾಗುತ್ತದೆ. ಮತ್ತೆ ಐಸಿಗೇ ಹಾಕುವ ಎಂದು ತಾಂಡೇಲರು ಪೆಟ್ಟಿಗೆಗೆ ಕೈ ಹಾಕಿದರು. ನೀರು ಹೊಕ್ಕರೆ ಎಲ್ಲ ಮುಗಿಯಿತು ಎಂದು ತಡೆದು, ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಅಂಬಲಪಾಡಿಯ ನಮ್ಮ ಮನೆಗೆ ಒಯ್ದು ಫ್ರೀಜರಿನಲ್ಲಿಟ್ಟೆ.

ಡಬ್ಬಿಯಿಂದ ಗಾಳಿ ಹೊರಗೆ ಬರಲಿಲ್ಲ, ವಾಸನೆ ಬಂತು. ಬೆಳಿಗ್ಗೆ ಹಾಲು ತೆಗೆಯಲು ಹೋದ ಅಮ್ಮ ಮೂಗಿಗೆ ಸೆರಗು ಹಿಡಿದು, ಡಬ್ಬಿಯನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಬಂದರು.

"ಇದೆಂತ ನಮ್ಮ ಫ್ರಿಜ್ಜಲ್ಲಿ?"

"ಎಂತ ಇಲ್ಲಮ್ಮ, ಕಂಪ್ಯೂಟರಿನ ಒಂದು ಭಾಗ."

ಅಮ್ಮ ಡಬ್ಬಿಯನ್ನು ಇನ್ನೊಮ್ಮೆ ಮೂಸಿ ನೋಡಿದರು. "ಕಂಪ್ಯೂಟರೂ ಮೀನು ತಿನ್ನಲಿಕ್ಕೆ ಸುರು ಮಾಡಿತಾ?"

ಕಾರ್ಕಳದ ಆಯುಧಪೂಜೆ

ತಣ್ಣಗಿನ ಡಿಸ್ಕಿನಿಂದ ಫೈಲು ಪೂರ್ತಿ ಬಂತು. ತೆರೆಯಲಿಲ್ಲ, ದೇವರಾಣೆ. ಆದರೆ ಅದನ್ನು ಹಾಕುವುದೆಲ್ಲಿ? ಹೊಸ ಮೆಮೊರಿ ಕಾರ್ಡು ಕೊಟ್ಟು ಕಳುಹಿಸಿದರೆ ಬೋಟಿನ ಮೆಶಿನ್ನು ಅದರ ಗುರುತೇ ಹಿಡಿಯಲಿಲ್ಲ. ಅದಕ್ಕೆ ಅಂಥದ್ದೇ ಹಳೆಯ ಡಿಸ್ಕು ಬೇಕು; ಹಿಂದೆ ಕೆಲವು ಡಿಜಿಟಲ್ ಕ್ಯಾಮೆರಾಗಳಲ್ಲೂ ಅದೇ ಇರುತ್ತಿತ್ತು. ಈ ಕಾಲದಲ್ಲಿ ಅದನ್ನು ಹುಡುಕುವುದೆಂದರೆ ಹಿತ್ತಾಳೆಯ ಸ್ಟೌವಿಗೆ ಪಿನ್ನು ಹುಡುಕಿದ ಹಾಗೆ.

ಕಾರ್ಕಳದ ಫೋಟೋ ಸ್ಟುಡಿಯೋ ಯಜಮಾನರೊಬ್ಬರು, "ನನ್ನ ಹತ್ತಿರ ಉಂಟು. ಹೂವಿನ ಹಾಗೆ ಇಟ್ಟಿದ್ದೇನೆ" ಎಂದರು. ಹಿರಿಯಡ್ಕದವರೆಗೆ ಬಸ್ಸಿನ ಮೆಟ್ಟಿಲಲ್ಲಿ, ಆಮೇಲೆ ಯಾರದೋ ಹಲಸಿನ ಹಣ್ಣಿನ ಪಕ್ಕದಲ್ಲಿ ನಿಂತು ಹೋದೆ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಡಿಸ್ಕು ದೇವರ ಪಟದ ಎದುರಿಗೇ ಇತ್ತು, ಮೇಲೊಂದು ಒಣಗಿದ ಸೇವಂತಿಗೆಯೂ ಇತ್ತು. ಕ್ಯಾಮೆರಾ ಕೊಂಡಾಗಿನಿಂದ ಪ್ರತಿ ಆಯುಧಪೂಜೆಗೆ ಅದಕ್ಕೂ ಗಂಧ, ಕುಂಕುಮ ಹಚ್ಚಿದ್ದರು. ಎಲ್ಲಿ ಹಚ್ಚಿದ್ದರು ಎಂದರೆ, ಡಿಸ್ಕಿನ ಅಂಚಿನಲ್ಲಿ ಕ್ಯಾಮೆರಾದ ಪಿನ್ನು ಹೊಗಲೆಂದು ಇರುವ ಸಾಲು ತೂತುಗಳ ಮೇಲೆ. ಒಂದೊಂದು ತೂತೂ ಗಂಧ ತುಂಬಿ ಗಾರೆ ಹಾಕಿದ ಹಾಗೆ ಗಟ್ಟಿಯಾಗಿತ್ತು. ಸೂಜಿ ಹಾಕಿ ಕೆದಕಿದೆ, ಸೂಜಿ ಮುರಿಯಿತು.

"ಕೊನೆಯ ಸಲ ಕೆಲಸ ಮಾಡಿದ್ದು ಯಾವಾಗ?" ಎಂದು ಕೇಳಿದೆ.

"ಮೊದಲನೆಯ ಪೂಜೆಯ ಹಿಂದಿನ ದಿನ" ಎಂದರು. "ಮರುದಿನವೇ ಕೆಟ್ಟಿತು ನೋಡಿ. ಪೂಜೆಯಲ್ಲಿ ಏನೋ ಕಡಿಮೆಯಾಯಿತೂಂತ ಆಮೇಲೆ ಪ್ರತಿ ವರ್ಷ ಸ್ವಲ್ಪ ಜಾಸ್ತಿಯೇ ಹಚ್ಚುತ್ತೇನೆ."

ಬೋರ್ಡು ಒರೆಸದ ಪ್ರೊಫೆಸರರು

ಕೊನೆಗೆ ಮಣಿಪಾಲದ ನಿವೃತ್ತ ಪ್ರೊಫೆಸರರ ಹಳೆಯ ಕ್ಯಾಮೆರಾದಲ್ಲಿ ಸರಿಯಾದ ಡಿಸ್ಕು ಸಿಕ್ಕಿತು. ಪುಣ್ಯಾತ್ಮರು ಸುಮ್ಮನೆ ಕೊಡಲು ಒಪ್ಪಿದರು. ಅದರಲ್ಲಿದ್ದ ಫೋಟೋಗಳನ್ನು ಅಳಿಸುವ ಮೊದಲು ಒಮ್ಮೆ ನೋಡುವ ಎಂದರು. ಮಕ್ಕಳು ಮರಿಗಳ ಫೋಟೋ ಇರಬೇಕೆಂದು ಕೂತೆ. ನೋಡಿದರೆ ಎಲ್ಲ ಕಪ್ಪು ಹಲಗೆಗಳು! ಪಾಠ ಮುಗಿದ ಮೇಲೆ ಬೋರ್ಡು ಒರೆಸಲು ಮನಸ್ಸು ಬಾರದೆ ದಿನಾ ಫೋಟೋ ತೆಗೆದಿದ್ದರು. ಒಂದೊಂದು ಬೋರ್ಡು ಬಂದಾಗಲೂ ಅದರ ಪಾಠವಾಯಿತು. ಬಾಯ್ಲರಿನಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಅವರು ವಿವರಿಸುತ್ತಿದ್ದರೆ, ನನ್ನ ತಲೆಯಲ್ಲಿ ಕಾಪಿನ ತಾಂಡೇಲರ ಮುಖ ಹರಿಯುತ್ತಿತ್ತು. ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆ ಎಂದರೂ ಅವರ ಕೈ ಕ್ಯಾಮೆರಾ ಬಿಡಲೊಲ್ಲದು.

ಚಹಾ ತಂದ ಅವರ ಹೆಂಡತಿ ನಿಂತು ನೋಡಿದರು.

"ಅಳಿಸಿ ಕೊಡಿ ಮಾರಾಯ್ರೆ" ಎಂದರು ಗಂಡನಿಗೆ. "ಪಾಠ ಕೇಳಿದ ಮಕ್ಕಳೆಲ್ಲ ಪರೀಕ್ಷೆ ಬರೆದ ಮರುದಿನವೇ ತಲೆಯಿಂದ ಅಳಿಸಿಯಾಗಿದೆ. ನಿಮ್ಮೊಬ್ಬರ ಹತ್ತಿರ ಉಳಿದದ್ದು."

ಪರಮ ಗುಟ್ಟು

ಡಿಸ್ಕನ್ನು ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ, ಫೈಲು ಹಾಕಿ, ತಾಂಡೇಲರನ್ನು ಕರೆದೆ. ಅವರು ನಕ್ಷೆಯ ಮೆಶಿನ್ನನ್ನು ಕೂಸಿನ ಹಾಗೆ ಲುಂಗಿಯಲ್ಲಿ ಸುತ್ತಿ ತಂದರು. ಬಂದದ್ದು ಯಾರ ಸ್ಕೂಟರಿನಲ್ಲಿ? ಭಾವನ ಸ್ಕೂಟರಿನಲ್ಲಿ! ಮಳೆಗೆ ಬಸ್ಸು ಯಾಕೆ, ನಾನಿಲ್ಲವಾ ಎಂದರಂತೆ ಭಾವ. ಅವರನ್ನು ಎದುರಿನ ಹೋಟೆಲಿಗೆ ಕಳುಹಿಸಿ, ತಾಂಡೇಲರು ಶಟರನ್ನು ಮೊಣಕಾಲಿನವರೆಗೆ ಎಳೆದರು. ಆಮೇಲೆ ಹೆಗಲಿನ ಬೈರಾಸು, ಅಂದರೆ ಟವೆಲು, ತೆಗೆದು ನನ್ನ ಕಣ್ಣಿಗೆ ಕಟ್ಟಿದರು.

"ಬೇಜಾರು ಮಾಡಬೇಡಿ. ನಿಮ್ಮ ಮೇಲೆ ನಂಬಿಕೆ ಉಂಟು."

"ನಂಬಿಕೆ ಇದ್ದರೆ ಸ್ವಲ್ಪ ಸಡಿಲ ಕಟ್ಟಿ."

ಹೀಗೆ ನಾನು ಕತ್ತಲಲ್ಲಿ ಕೂತು ಹೇಳಬೇಕು, ಅವರು ಒತ್ತಬೇಕು. ಮೆಶಿನ್ನಿನ ಇಂಗ್ಲಿಷನ್ನು ಅವರು ಒಂದೊಂದೇ ಅಕ್ಷರ ಓದಿ ಹೇಳುವಷ್ಟರಲ್ಲಿ ನಾನು ಬೆವರಿ ಹೋದೆ.

"ಇ, ಆರ್, ಎ, ಎಸ್, ಇ... ಎದುರಿಗೆ ಯಸ್ ಅಂತ ಉಂಟು. ಒತ್ತಿದ—"

"ಅಯ್ಯೋ! ಅದು ಅಳಿಸುದು!"

"—ಒತ್ತಿದರೆ ಎಂತ ಆಗುದೂಂತ ಕೇಳಲಿಕ್ಕೆ ಹೊರಟದ್ದು."

ನನ್ನ ಜೀವ ಹೋಗಿ ಬಂತು. ನೋ ಒತ್ತಿಸಿದೆ, ಹಿಂದೆ ಹೋಗಿಸಿದೆ, ಫೈಲು ತೆರೆಸಿದೆ. ಬಂತಾ ಇಲ್ಲವಾ ಎಂದು ಕತ್ತಲನ್ನೇ ಕೇಳಿದೆ.

"ಬಂತು" ಎಂದರು ತಾಂಡೇಲರು. ದನಿ ಒದ್ದೆಯಾಗಿತ್ತು. "ನನ್ನ ಕಲ್ಲು, ನನ್ನ ಮೀನು, ಎಲ್ಲ ಬಂತು." ಬೈರಾಸಿನ ಒಳಗೆ ನನ್ನ ಕಣ್ಣೂ ಒದ್ದೆಯಾಯಿತು. ಸಂತೋಷ ಅರ್ಧ, ಮೀನಿನ ವಾಸನೆ ಅರ್ಧ.

ಈ ಖುಷಿಯನ್ನು ಅವರು ಬೋಟಿನ ಡ್ರೈವರನಿಗೆ ಹೇಳದೆ ಇರುವುದು ಹೇಗೆ? ಫೋನ್ ಹಚ್ಚಿದರು. ಡ್ರೈವರ್ ಮಲ್ಪೆಯ ಬಂದರಿನಲ್ಲಿ ಎಂಜಿನ್ ಓಡಿಸಿ ನೋಡುತ್ತಿದ್ದ. ಅವನ ಮಾತಿಗಿಂತ ಎಂಜಿನ್ನೇ ಹೆಚ್ಚು ಕೇಳುತ್ತಿತ್ತು.

"ಪಾಯಿಂಟು ಬಂತು ಮಾರಾಯ! ನಿನಗೆ ಕೆಲವು ಬಾಯಿಪಾಠ ಉಂಟಲ್ವಾ, ಸರಿ ಉಂಟಾಂತ ನೋಡು. ಹದಿಮೂರು ಡಿಗ್ರಿ..."

"ಕೇಳುದಿಲ್ಲ!" ಎಂದಿತು ಫೋನು.

ಜೀವಮಾನವಿಡೀ ಎಂಜಿನ್ನು, ಗಾಳಿ, ಅಲೆ ಮೂರರ ಮೇಲೂ ಕೂಗಿ ಆಜ್ಞೆ ಕೊಟ್ಟ ಗಂಟಲು ಅದು. ತಾಂಡೇಲರು ಉಸಿರು ಎಳೆದುಕೊಂಡರು. ನನ್ನ ಮೇಜಿನ ಮೇಲಿನ ಸ್ಕ್ರೂಗಳು ನಡುಗಿದವು. ಡಿಗ್ರಿ, ಮಿನಿಟು, ಅಲ್ಲಿ ಕಲ್ಲು, ಇಲ್ಲಿ ಸಿಗಡಿ, ಅದರಾಚೆ ಅಂಜಲ್ ಮೀನು ಎಂದು ಒಂದರ ಹಿಂದೆ ಒಂದು. ನಾನು ಕಣ್ಣು ಕಟ್ಟಿದ ಸ್ಥಿತಿಯಲ್ಲೇ "ಮೆಲ್ಲ, ಮೆಲ್ಲ" ಎಂದು ಕೈ ಬೀಸಿದೆ. ಅವರು ಅದನ್ನು "ಇನ್ನೂ ಜೋರಾಗಿ" ಎಂದು ತಿಳಿದರೋ ಏನೋ, ಬೀದಿಯ ಆಟೋದವರು ಕೂಡ ಎಂಜಿನ್ ಬಂದ್ ಮಾಡಿ ಕೇಳುವ ಹಾಗೆ ಉಳಿದದ್ದನ್ನು ಹೇಳಿ ಮುಗಿಸಿದರು.

"ಎಲ್ಲ ಸರಿ ಉಂಟು!" ಎಂದ ಡ್ರೈವರ್. ತಾಂಡೇಲರು ನೆಮ್ಮದಿಯ ಉಸಿರು ಬಿಟ್ಟು, ಬೈರಾಸು ಬಿಚ್ಚಿ, ನನ್ನ ಬೆನ್ನು ತಟ್ಟಿದರು. "ಗುಟ್ಟು ಉಳಿಯಿತು ಭಟ್ರೆ."

ಆಗ ಶಟರಿನ ಕೆಳಗಿನಿಂದ ಒಂದು ತಲೆ ಒಳಗೆ ಬಂತು. ಕೈಯಲ್ಲಿ ಮೊಬೈಲು, ಟೈಪ್ ಮಾಡುತ್ತಿದ್ದ ಹೆಬ್ಬೆರಳು ಇನ್ನೂ ಅದರ ಮೇಲೆಯೇ ಇತ್ತು.

"ಭಾವಾ" ಎಂದಿತು ತಲೆ, "ಆ ಅಂಜಲಿನದ್ದು ಮಾತ್ರ ಬಸ್ಸಿನ ಹಾರ್ನಿನಲ್ಲಿ ಸರಿ ಕೇಳಲಿಲ್ಲ. ಇನ್ನೊಮ್ಮೆ ಹೇಳಿ ಮಾರಾಯ್ರೆ!"