ಕಾರಿನ ಐದನೆಯ ಬಿಡಿಭಾಗ

ಬಾಣಸವಾಡಿ ಸ್ಟೇಷನ್ನಿನಲ್ಲಿ ಬೆಳಗಿನ ಮೊದಲ ರೈಲು ಕೂಗುವಷ್ಟರಲ್ಲಿ ರಾಜೇಶ್ವರಿ ನೆಲದ ತೊಟ್ಟಿಗೆ ಬಂದ ಕಾವೇರಿ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದ್ದಳು. ಎಸರು ಕಾಯಿಸಿ ಜೋಳದ ಹಿಟ್ಟು ನಾದಿದ್ದಳು. ಮೂರು ಕಿಲೋ ಎಳೆ ಬದನೆಕಾಯಿಗಳನ್ನು ತೊಟ್ಟು ಮುರಿಯದಂತೆ ನಾಲ್ಕು ಸೀಳಿ, ಒಂದೊಂದರ ಹೊಟ್ಟೆಗೂ ಶೇಂಗಾ, ಎಳ್ಳು, ಹುಣಸೆ, ಬೆಲ್ಲದ ಮಸಾಲೆ ತುಂಬಿ ಎಣಗಾಯಿ ಮಾಡಿ ಇಳಿಸಿದ್ದಳು. ನೂರಾ ಹತ್ತು ರೊಟ್ಟಿ ಬಡಿದು, ಬೇಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದ್ದಳು. ಗಂಡನ ಸ್ನಾನಕ್ಕೆ ನೀರು ಕಾಯಿಸಿ, ಅವನ ಅಂಗಿಗೆ ಇಸ್ತ್ರಿ ಹೊಡೆದು, ಅತ್ತೆಯ ಬಿ.ಪಿ. ಮಾತ್ರೆ ತೆಗೆದಿಟ್ಟು, ಕಾರಿನ ಮುಂದಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಗಿಸಿದ್ದಳು.

ಗಂಡ ಶರಣಬಸವ ಸುಮ್ಮನೆ ಕೂತಿದ್ದನೆಂದು ಯಾರೂ ತಿಳಿಯಬಾರದು. ಅವನು ಅದೇ ಕಾರಿನೊಳಗೆ ಕೂತು ಉಪಗ್ರಹ ಹುಡುಕುತ್ತಿದ್ದ. (ಹುಡುಕುವಾಗ ಟಾರ್ಚು ಹಿಡಿದು ನಿಲ್ಲುವುದಕ್ಕೆ ಒಬ್ಬರು ಬೇಕಿತ್ತು. ಅದೂ ರಾಜೇಶ್ವರಿಯೇ.)

"ಸಿಕ್ತೇನ್ರಿ?" ಅಂದಳು, ಹಿಟ್ಟಿನ ಕೈಯಲ್ಲಿ ಟಾರ್ಚು ಹಿಡಿದು.

"ನಾಲ್ಕು ಸಿಕ್ಕಾವ. ಐದನೇದು ಬರ್ಲಿಕತ್ತದ."

"ಅಷ್ಟರಾಗ ನಂದು ಐದನೇ ಡಜನ್ ರೊಟ್ಟಿ ಸೀದು ಹೋಗ್ತದ. ಇದನ್ನ ಹಿಡ್ಕೊಳ್ರಿ." ಟಾರ್ಚನ್ನು ಅವನ ಕೈಗೆ ತುರುಕಿ ಒಳಗೆ ಓಡಿದಳು.

ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಅವರದು ಇಪ್ಪತ್ತೊಂದು ವರ್ಷದ ಹಳೆಯ ಫಿಯಟ್ಟು. ವಾರದಲ್ಲಿ ಆರು ದಿನ ಅದು ಕಾಂಪೌಂಡಿನೊಳಗೆ ನಿಂತೇ ಇರುತ್ತಿತ್ತು; ಅದರ ನೆತ್ತಿಯ ಮೇಲೆ ರಾಜೇಶ್ವರಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಅಂಥ ನಿರುಪದ್ರವಿ ಕಾರಿಗೆ ಜ್ಞಾನೋದಯ ಮಾಡಿಸಬೇಕೆಂದು ಶರಣಬಸವನಿಗೆ ಹೊಳೆದದ್ದು ಆಫೀಸಿನ ಗೆಳೆಯ ಸಿದ್ಧಲಿಂಗೇಶನಿಂದ. ಅವನು ಮನೆ ಬದಲಿಸುವಾಗ ತನ್ನ ಉಪಗ್ರಹ ರೇಡಿಯೊವನ್ನೂ, ನಾಲ್ಕೈದು ಉಪಗ್ರಹಗಳನ್ನು ಹಿಡಿದು ಅಂಗೈ ಅಗಲದ ಪರದೆಯಲ್ಲಿ ನಕ್ಷೆ ತೋರಿಸಿ ಇಂಗ್ಲಿಷಿನಲ್ಲಿ ದಾರಿ ಹೇಳುವ ಒಂದು ಯಂತ್ರವನ್ನೂ ಇವನಿಗೆ ದಾಟಿಸಿದ್ದ. ಗೆಳೆಯ ಅವನ್ನು ಯಾಕೆ ಬಿಟ್ಟು ಹೋದ ಎಂದು ಶರಣಬಸವ ಕೇಳಲಿಲ್ಲ. ದಾನದ ವಸ್ತುವಿನ ಇತಿಹಾಸ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವನ್ನು ಕಾರಿಗೆ ಕೂರಿಸಲು ಮೂರು ಭಾನುವಾರ ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬದ್ರುನ್ನೀಸಾ ಎಂಬ ಹೆಂಗಸಿನ ಅಂಗಡಿ. ಕಾರಿನ ವೈರಿಂಗಿನಲ್ಲಿ ಆಕೆ ಎತ್ತಿದ ಕೈ ಎಂದು ಹೆಸರು. ಆಕೆ ರೇಡಿಯೊವನ್ನೂ, ಅದರ ಜೊತೆಗಿದ್ದ ಪುಸ್ತಕದಗಲದ ಏರಿಯಲ್ ತಟ್ಟೆಯನ್ನೂ ತಿರುಗಿಸಿ ನೋಡಿದಳು.

"ಸಾಬ್, ಇದು ಮನೇಲಿ ಕಿಟಕಿ ಹತ್ರ ಇಡೋ ಡಬ್ಬ. ಗಾಡೀದು ಬೇರೆ ಬರುತ್ತೆ."

"ಕಾರಿಗೂ ಕಿಟಕಿ ಅದಾವಲ್ಲ?" ಅಂದ ಶರಣಬಸವ. ಆರು ಕಿಟಕಿಗಳನ್ನು ಎಣಿಸಿಯೂ ತೋರಿಸಿದ.

"ಮನೆ ತಿರುಗಲ್ಲ ಸಾಬ್, ಗಾಡಿ ತಿರುಗುತ್ತೆ. ಈ ತಟ್ಟೆ ಯಾವಾಗ್ಲೂ ಉಪಗ್ರಹ ಇರೋ ಆಗ್ನೇಯ ದಿಕ್ಕಿಗೇ ನೋಡ್ತಾ ಇರ್ಬೇಕು. ಗಾಡಿ ಈ ಕಡೆ ತಿರುಗಿದ್ರೆ ತಟ್ಟೆ ಆ ಕಡೆ ತಿರುಗಿಸ್ಬೇಕು. ಯಾರು ತಿರುಗಿಸ್ತಾರೆ?"

ಶರಣಬಸವ ಒಂದು ಕ್ಷಣವೂ ಯೋಚಿಸಲಿಲ್ಲ. ಗಲ್ಲದಿಂದಲೇ ಎಡಗಡೆಯ ಸೀಟಿನ ಕಡೆ ತೋರಿಸಿ, "ಇದಾಳಲ್ಲ" ಅಂದ.

ಬದ್ರುನ್ನೀಸಾ ಸೀಟಿನಲ್ಲಿದ್ದ ರಾಜೇಶ್ವರಿಯನ್ನು ನೋಡಿದಳು. "ಕೈ ನೋಯುತ್ತೆ ಮೇಡಂ. ವೈರು ಒಂದು ಮೊಳ ಜಾಸ್ತಿ ಬಿಟ್ಟಿರ್ತೀನಿ" ಅಂದಳು.

ಹೀಗೆ ಹೊಸ ವ್ಯವಸ್ಥೆ ಸಿದ್ಧವಾಯಿತು. ಅದಕ್ಕೆ ಐದು ಬಿಡಿಭಾಗಗಳು. ಒಂದು, ದಾರಿ ಹೇಳುವ ಯಂತ್ರ. ಅದರ ರಬ್ಬರ್ ಬಟ್ಟಲು ಹಳೆಯದಾಗಿ ಗಾಜಿಗೆ ಅಂಟದೆ ಐದು ನಿಮಿಷಕ್ಕೊಮ್ಮೆ ಬೀಳುತ್ತಿತ್ತು. ಎರಡು, ರೇಡಿಯೊ. ಮೂರು, ತಟ್ಟೆ. ನಾಲ್ಕು, ಸೊಂಟದ ಮೇಲೆ ಹಾಯ್ದು ಹೋಗುವ ವೈರುಗಳು. ಐದು, ರಾಜೇಶ್ವರಿ. ಎಡಗೈಯಲ್ಲಿ ಯಂತ್ರವನ್ನು ಗಾಜಿಗೆ ಒತ್ತಿ ಹಿಡಿಯಬೇಕು, ಬಲಗೈಯಲ್ಲಿ ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸುತ್ತಿರಬೇಕು. ಮೂಗು ತುರಿಸಿದರೆ ಹಲಸೂರಿನ ಸಿಗ್ನಲ್ಲು ಬರುವ ತನಕ ತಾಳಿಕೊಳ್ಳಬೇಕು. ಶರಣಬಸವ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡ: "ನಮ್ಮ ಗಾಡಿ ಈಗ ಫುಲ್ ಆಟೋಮ್ಯಾಟಿಕ್."

ಇಷ್ಟನ್ನೆಲ್ಲ ರಾಜೇಶ್ವರಿ ಸಹಿಸಿಕೊಂಡಿದ್ದಳು. ಆದರೆ ಇವತ್ತಿನ ದಿನ ಬೇರೆ. ಒಂದು ವರ್ಷದಿಂದ ಅವಳು ತನ್ನ ಬೀದಿಯ ಹದಿನಾಲ್ಕು ಮನೆಗಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು. ಈಗ ಮೊದಲ ಸಲ ಬೀದಿಯಾಚೆಯಿಂದ ಕರೆ ಬಂದಿತ್ತು. ಇಂದಿರಾನಗರದಲ್ಲಿ ಗೋವಿಂದಮ್ಮ ಎನ್ನುವವರ ಗೃಹಪ್ರವೇಶ. ಬೆಳಗಿನ ನಾಷ್ಟಾಕ್ಕೆ ಬಿಸಿ ರೊಟ್ಟಿ, ಎಣಗಾಯಿ, ಎಂಟೂಕಾಲಿಗೆ ಸರಿಯಾಗಿ. "ನಮ್ಮ ಮಹಿಳಾ ಸಂಘದ ಆಶಾರಾಣಿ ಮೇಡಂ ಬರ್ತಾರೆ. ಅವರಿಗೆ ರುಚಿ ಹಿಡಿಸಿದ್ರೆ ಸಂಘದ ಕ್ಯಾಂಟೀನಿಗೆ ವಾರ ವಾರ ನಿಮ್ಮದೇ ರೊಟ್ಟಿ. ಆದ್ರೆ ಅವರು ಟೈಮ್ ತಪ್ಪಿದ್ರೆ ಸಹಿಸಲ್ಲ" ಎಂದು ಗೋವಿಂದಮ್ಮ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಆ ಸಂಘದ ಕ್ಯಾಂಟೀನು ರಾಜೇಶ್ವರಿಯ ಕನಸಿನಲ್ಲಿ ಎರಡು ರಾತ್ರಿ ಬಂದು ಹೋಗಿತ್ತು.

ಏಳಕ್ಕೆ ಹೊರಟರು. ಎಣಗಾಯಿಯ ಪಾತ್ರೆ ಡಿಕ್ಕಿಯಲ್ಲಿ, ಟವೆಲ್ಲು ಸುತ್ತಿಕೊಂಡು. ರೊಟ್ಟಿಯ ಬುಟ್ಟಿ ಹಿಂದಿನ ಸೀಟಿನಲ್ಲಿ, ಹಿಂದಿನ ಗಾಜು ಮುಚ್ಚುವಷ್ಟು ಎತ್ತರಕ್ಕೆ. ಪಕ್ಕದಲ್ಲಿ ಅತ್ತೆ ಜಟ್ಟೆಮ್ಮ. ಆಕೆ ಬಂದದ್ದು ಗೃಹಪ್ರವೇಶಕ್ಕಲ್ಲ, ರೇಡಿಯೊಗಾಗಿ. ಬೆಳಿಗ್ಗೆ ಏಳೂವರೆಗೆ ಅದರಲ್ಲಿ ಯಾವುದೋ ಸ್ವಾಮಿಗಳ ಪ್ರವಚನ ಬರುತ್ತಿತ್ತು. ಅದು ಕಾರಿನಲ್ಲಿ ಮಾತ್ರ ಕೇಳುತ್ತಿದ್ದುದರಿಂದ, ಜಟ್ಟೆಮ್ಮ ಹದಿನೈದು ದಿನದಿಂದ ನಿಂತ ಕಾರಿನಲ್ಲಿ ಕೂತು ಕೈಮುಗಿದು ಕೇಳುತ್ತಿದ್ದಳು.

ಹಾಲು, ಶಾಲೆಯ ವ್ಯಾನು, ಕಸದ ಗಾಡಿ ಎಲ್ಲ ದಾಟಿ ರಿಂಗ್ ರೋಡು ಸೇರುವ ಹೊತ್ತಿಗೆ ಏಳೂವರೆ. ಪ್ರವಚನ ಶುರುವಾಯಿತು. ರಸ್ತೆ ಆಗ್ನೇಯಕ್ಕೆ ಮುಖ ಮಾಡಿ ನೇರ ಹೋಗುತ್ತಿತ್ತು, ತಟ್ಟೆ ಮುಂದಿನ ಗಾಜಿಗೆ ನೆಟ್ಟಗೆ ನಿಂತಿತ್ತು, ಸ್ವಾಮಿಗಳ ದನಿ ಗಂಟೆ ಬಾರಿಸಿದ ಹಾಗಿತ್ತು. ಶರಣಬಸವನ ಮುಖದಲ್ಲಿ ವಿಜ್ಞಾನ ಮತ್ತು ಅಧ್ಯಾತ್ಮ ಎರಡೂ ಬೆಳಗುತ್ತಿದ್ದವು.

ಟಿನ್ ಫ್ಯಾಕ್ಟರಿ ಸರ್ಕಲ್ಲು ಹತ್ತಿರ ಬಂತು. ಬಲಕ್ಕೆ ತಿರುಗಿದರೆ ಇಂದಿರಾನಗರ, ಎಡಕ್ಕೆ ಹಿಡಿದರೆ ಕೆ.ಆರ್.ಪುರಂನ ತೂಗುಸೇತುವೆ. ಯಂತ್ರದೊಳಗಿನ ಹೆಂಗಸು ಶುದ್ಧ ಇಂಗ್ಲಿಷಿನಲ್ಲಿ ಬಲಕ್ಕೆ ತಿರುಗಲು ಹೇಳಿದಳು.

"ರೀ, ಬಲಕ್ಕ" ಅಂದಳು ರಾಜೇಶ್ವರಿಯೂ.

"ಬಲಕ್ಕ ಹೊಳ್ಳಿದ್ರ ತಟ್ಟೆ ಹಿಂದಿನ ಗಾಜಿಗೆ ಹಿಡೀಬೇಕು. ಅಲ್ಲಿ ನಿನ್ನ ಬುಟ್ಟಿ ಅದ. ರೇಡಿಯೊ ನಿಲ್ತದ."

"ನಿಲ್ಲಲಿ ಬಿಡ್ರಿ!"

ಹಿಂದಿನಿಂದ ಜಟ್ಟೆಮ್ಮ, "ಏ ತಮ್ಮಾ, ಹೊಳ್ಳಿಸಬ್ಯಾಡೋ! ಇನ್ನ ಹತ್ತೇ ನಿಮಿಷ ಅದ. ಐವತ್ತು ರೊಟ್ಟಿ ನಾನೂ ಬಡದೀನಿ ಹೌದಿಲ್ಲೋ? ಹತ್ತು ನಿಮಿಷ ದೇವರ ಮಾತು ಕೇಳಾಕ ಬಿಡ್ರಿ" ಅಂದಳು. (ಬಡಿದದ್ದು ಇಪ್ಪತ್ತು. ಪುಣ್ಯದ ವಿಷಯದಲ್ಲಿ ಲೆಕ್ಕ ಸಡಿಲವಾಗುತ್ತದೆ.)

"ಭಕ್ತರೇ," ಅಂದರು ರೇಡಿಯೊದ ಸ್ವಾಮಿಗಳು, "ಆ ಕಡೆ ಈ ಕಡೆ ತಿರುಗಬೇಡಿ. ನೇರವಾಗಿ ನಡೆಯಿರಿ."

"ಕೇಳ್ದಿ?" ಅಂದಳು ಜಟ್ಟೆಮ್ಮ.

ಶರಣಬಸವ ಎಡಗಡೆಯ ಇಂಡಿಕೇಟರ್ ಹಾಕಿದ. "ಸೇತುವೆ ಹತ್ತಿ, ಆ ಕಡಿ ಇಳ್ದು, ಪ್ರವಚನ ಮುಗಿದ ಮ್ಯಾಲೆ ಯು ಟರ್ನ್ ಹೊಡಿಯೋಣು. ಯಂತ್ರ ಅದ ಅಲ್ಲ, ಎಲ್ಲಿಂದ ಬೇಕಾದ್ರೂ ದಾರಿ ಹೇಳ್ತದ."

"ಅಲ್ರೀ, ದಾರಿ ತಪ್ಪಿಸ್ಕೊಂಡು ದಾರಿ ಕೇಳೂದಕ್ಕ ಯಂತ್ರ ಹಚ್ಚೀರೇನು?"

"ನೀ ತಟ್ಟೆ ಸರಿ ಹಿಡಿ. ಸ್ವಲ್ಪ ದಕ್ಷಿಣಕ್ಕ ಸರಿತು ನೋಡು."

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಮುಂದೆ ಲಾರಿ, ಹಿಂದೆ ಬಸ್ಸು, ಎರಡೂ ಪಕ್ಕ ಆಟೋಗಳು. ಕೈಗಡಿಯಾರದಲ್ಲಿ ಏಳು ಐವತ್ತು. ರಾಜೇಶ್ವರಿ ತಟ್ಟೆಯನ್ನು ಗಂಡನ ತೊಡೆಯ ಮೇಲಿಟ್ಟಳು. ತಟ್ಟೆಯ ಮೇಲೆ ಯಂತ್ರವನ್ನಿಟ್ಟಳು. ವೈರುಗಳನ್ನು ಸೊಂಟದಿಂದ ಬಿಡಿಸಿ ಗೇರಿನ ಕೋಲಿಗೆ ನೇತುಹಾಕಿದಳು. ಇಳಿದು ಹಿಂದಿನ ಬಾಗಿಲು ತೆಗೆದು ಬುಟ್ಟಿಯನ್ನು ತಲೆಗೆತ್ತಿಕೊಂಡಳು.

"ಏ, ಏ! ಇದನ್ನ ಯಾರು ಹಿಡೀಬೇಕು?" ಶರಣಬಸವ ಕೂಗಿದ.

"ಫುಲ್ ಆಟೋಮ್ಯಾಟಿಕ್ ಅದ ಅಲ್ರಿ" ಅಂದಳು.

ಹಸಿರು ದೀಪ ಬಿತ್ತು. ಹಿಂದಿನ ಬಸ್ಸು ಹಾರ್ನು ಹೊಡೆದು ಹೊಡೆದು ಫಿಯಟ್ಟನ್ನು ಸೇತುವೆಯ ಕಡೆಗೆ ಅಟ್ಟಿತು. ರಾಜೇಶ್ವರಿ ಓಡಿ ಇಂದಿರಾನಗರದ ಮೇಲೆ ಹೋಗುವ ಶಿವಾಜಿನಗರದ ಬಸ್ಸು ಹಿಡಿದಳು. "ಏನಮ್ಮ, ಬುಟ್ಟೀಗೂ ಸೀಟ್ ಬೇಕಾ?" ಎಂದು ಕಂಡಕ್ಟರು ಗೊಣಗಿದ, ಬಿಸಿ ರೊಟ್ಟಿಯ ವಾಸನೆ ಮೂಗಿಗೆ ತಾಗಿದ ಮೇಲೆ ತಾನೇ ಸರಿದು ಜಾಗ ಕೊಟ್ಟ. ಅವಳು ಎರಡು ಕೈಗಳನ್ನೂ ಚಾಚಿ ಬೆರಳು ಬಿಡಿಸಿಕೊಂಡಳು. ಮೂಗು ತುರಿಸಿಕೊಂಡಳು. ಅದೆಂಥ ಸುಖ!

ಎಂಟು ಹನ್ನೆರಡಕ್ಕೆ ಗೋವಿಂದಮ್ಮನ ಹೊಸ ಮನೆಯ ಹೊಸಿಲಲ್ಲಿ ಬುಟ್ಟಿ ಇಳಿಸಿದಳು. ಪಂಕ್ತಿ ಕೂತಾಗಿತ್ತು. ಮೊದಲ ಎಲೆಯ ಮುಂದೆ, ಕನ್ನಡಕ ಹಾಕಿಕೊಂಡು ಗಡಿಯಾರ ನೋಡುತ್ತಿದ್ದವರೇ ಆಶಾರಾಣಿ ಎಂದು ಯಾರೂ ಹೇಳಬೇಕಿರಲಿಲ್ಲ.

"ಬಂದ್ರಾ, ಬದುಕಿದೆ ಕಣಮ್ಮ! ಪಲ್ಯ ಎಲ್ಲಿ?" ಅಂದರು ಗೋವಿಂದಮ್ಮ.

ಪಲ್ಯ ಡಿಕ್ಕಿಯಲ್ಲಿತ್ತು. ತೊಟ್ಟು ಮುರಿಯದ ಮೂರು ಕಿಲೋ ಬದನೆಕಾಯಿಗಳು ಟವೆಲ್ಲು ಹೊದ್ದುಕೊಂಡು, ಪ್ರವಚನ ಕೇಳಿ ಮುಗಿಸಿ, ಹೊಸಕೋಟೆಯ ದಿಕ್ಕಿಗೆ ಪ್ರಯಾಣ ಮಾಡುತ್ತಿದ್ದವು. ಗಂಡನ ಮೇಲಿನ ಸಿಟ್ಟಿನಲ್ಲಿ, ತನ್ನ ಕೈಯಾರೆ ಮಾಡಿದ ಪದಾರ್ಥವನ್ನು ತಾನೇ ಬಿಟ್ಟು ಬಂದಿದ್ದಳು. ಇದಕ್ಕೆ ಯಾವ ಯಂತ್ರವನ್ನೂ ಬೈಯುವಂತಿರಲಿಲ್ಲ.

ಅಷ್ಟರಲ್ಲಿ ಹಜಾರದ ಫೋನು ಹೊಡೆದುಕೊಂಡಿತು. "ನಿಮ್ಮ ಯಜಮಾನ್ರು, ಮೊಬೈಲಿಂದ" ಎಂದು ಗೋವಿಂದಮ್ಮ ರಿಸೀವರು ಕೊಟ್ಟರು.

"ರಾಜಿ, ನಾವು ಸೇತುವೆ ಇಳ್ದು ಎಲ್ಲೋ ಬಂದೀವಿ. ಯಂತ್ರ ಕೆಳಗ ಬಿದ್ದು ಪರದೆ ಕಪ್ಪಗಾಗ್ಯದ. ತಟ್ಟೆ ಅವ್ವನ ಕೈಯಾಗ ಕೊಟ್ಟಿದ್ದೆ, ಆಕಿ ಮಲಗ್ಯಾಳ. ಈಗ ನೀನೇ ದಾರಿ ಹೇಳ್ಕೋತ ಹೋಗು. ಎದುರಿಗಿ ಪೆಟ್ರೋಲ್ ಬಂಕ್ ಅದ. ಎಡಕ್ಕೋ ಬಲಕ್ಕೋ?"

ಒಂದು ಕೆಲಸದಿಂದ ಇಳಿದು ಬಂದವಳಿಗೆ ಅದಕ್ಕಿಂತ ದೊಡ್ಡ ಕೆಲಸ ತಂತಿಯ ಮೂಲಕ ಹುಡುಕಿಕೊಂಡು ಬಂದಿತ್ತು. ರಾಜೇಶ್ವರಿ ಲೆಕ್ಕ ಹಾಕಿದಳು. ಫೋನು ಹಿಡಿದು ನಿಂತು ಒಂದೊಂದೇ ತಿರುವು ಹೇಳಿ ಕರೆತಂದರೆ ಮುಕ್ಕಾಲು ಗಂಟೆಗೆ ಎಣಗಾಯಿ ಬರುತ್ತದೆ. ಅಷ್ಟು ಹೊತ್ತು ಪಂಕ್ತಿ ಕಾಯಬೇಕು, ರೊಟ್ಟಿ ಆರಬೇಕು.

"ಟೈಮಾಯ್ತು" ಎಂದು ಆಶಾರಾಣಿ ಎಲೆಯ ಮೇಲೆ ಬೆರಳು ಬಡಿಯುತ್ತಿದ್ದರು. "ಪಲ್ಯ ಬರೋವರೆಗೂ ಕಾಯೋದಾ, ಹೇಗೆ?"

"ಎಡಕ್ಕೋ ಬಲಕ್ಕೋ ಹೇಳಾ!" ಅನ್ನುತ್ತಿತ್ತು ಫೋನು.

"ಏನಮ್ಮ ಮಾಡೋದು?" ಎಂದು ಗೋವಿಂದಮ್ಮ ಕೈ ಹಿಸುಕಿಕೊಳ್ಳುತ್ತಿದ್ದರು.

ಮೂವರೂ ಅವಳ ಬಾಯಿಯನ್ನೇ ಕಾಯುತ್ತಿದ್ದರು. ರಾಜೇಶ್ವರಿ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು: ಪಾತ್ರೆ ತುಂಬ ಗಟ್ಟಿ ಮೊಸರು, ಒಂದು ಬುಟ್ಟಿ ಈರುಳ್ಳಿ, ಹಸಿಮೆಣಸಿನಕಾಯಿ, ಡಬ್ಬದಲ್ಲಿ ಹುರಿದ ಶೇಂಗಾ. ರಿಸೀವರನ್ನು ಕೊಕ್ಕೆಗೆ ಹಾಕದೆ ಮೇಜಿನ ಮೇಲೆ ಮಲಗಿಸಿದಳು. ಅದು ಮರದ ಮೇಲೆ ಬಿದ್ದುಕೊಂಡು ಎಡಕ್ಕೋ, ಬಲಕ್ಕೋ ಎಂದು ಕೇಳುತ್ತಲೇ ಇತ್ತು. ಅವಳು ಸೆರಗು ಸಿಕ್ಕಿಸಿ, ಬಟ್ಟೆ ಬಿಚ್ಚಿ, ಇನ್ನೂ ಬೆಚ್ಚಗಿದ್ದ ಮೊದಲ ರೊಟ್ಟಿಯನ್ನು ಆಶಾರಾಣಿಯ ಎಲೆಗೆ ಹಾಕಿದಳು.

"ಇವತ್ತು ಪಲ್ಯ ಇಲ್ರಿ ಮೇಡಂ" ಅಂದಳು. "ಬರೇ ರೊಟ್ಟಿ; ಮೊಸರು, ಉಳ್ಳಾಗಡ್ಡಿ, ಶೇಂಗಾ ಹಿಂದಿನಿಂದ ಬರ್ತಾವ. ಮೊದಲು ಒಂದು ತುತ್ತು ತಿಂದು ನೋಡ್ರಿ. ಆಮ್ಯಾಲೆ ಹೇಳ್ರಿ."