ರಾಣಿ ಕಾಲದ ಟಾನಿಕ್ಕು, ನಮ್ಮ ಕಾಲದ ಗಿರಾಕಿಗಳು

ಔಷಧಿ ಮಾರದ ಜಾಗದಲ್ಲಿ ಕೂತು, ಔಷಧಿ ಕೇಳಿಕೊಂಡು ಬರುವವರನ್ನು ಸಂಭಾಳಿಸುವುದು ನನ್ನ ಕೆಲಸ. ಆದ್ದರಿಂದ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತವೆ. ಬಂದವರು ಪ್ರತಿ ಸಲವೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ತಲೆ ಕೆಟ್ಟು ಕೂರುವವಳು ನಾನು.

ಸಿಂಗಾಪುರದ ತಂಜಾಂಗ್ ಪಗಾರ್‌ನ ಹಳೆಯ ಅಂಗಡಿಮನೆಯೊಂದರ ಮಹಡಿಯಲ್ಲಿ ನಮ್ಮ ಪುಟ್ಟ ಮ್ಯೂಸಿಯಂ ಇದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮಾರುತ್ತಿದ್ದ 'ಸರ್ವರೋಗಕ್ಕೂ ಒಂದೇ ಮದ್ದು' ಥರದ ಔಷಧಿಗಳ ಖಾಲಿ ಬಾಟಲಿಗಳು, ತಗಡಿನ ಡಬ್ಬಿಗಳು, ಗೋಡೆ ತುಂಬ ಅವುಗಳ ಜಾಹೀರಾತುಗಳು. ಅಜೀರ್ಣಕ್ಕೂ ಅದೇ ಮಾತ್ರೆ, ಮಂಡಿನೋವಿಗೂ ಅದೇ, ಗಂಡ ಸತ್ತ ದುಃಖಕ್ಕೂ ಅದೇ. ಒಳಗೆ ಇರುತ್ತಿದ್ದದ್ದು ಹೆಚ್ಚಾಗಿ ಸಕ್ಕರೆ ಪಾಕ, ಸಾರಾಯಿ, ಕೆಲವದರಲ್ಲಿ ಅಫೀಮು. ಇವನ್ನೆಲ್ಲ ವರ್ಷಗಟ್ಟಲೆ ಸಂಗ್ರಹಿಸಿದವರು ನಮ್ಮ ಬಾಸ್, ಇಲ್ಲೇ ಹುಟ್ಟಿ ಬೆಳೆದ ಚೀನೀ ಹೆಂಗಸು.

ಮೈಸೂರಿನಲ್ಲಿ ಬಿ.ಫಾರ್ಮ ಓದಿ, ಮದುವೆಯಾಗಿ ಸಿಂಗಾಪುರಕ್ಕೆ ಬಂದು, ಎಷ್ಟೋ ವರ್ಷ ಮನೆಯಲ್ಲೇ ಕಳೆದ ನನಗೆ ಇದು ಮೊದಲ ಕೆಲಸ. ಸೇರಿಸಿಕೊಂಡ ದಿನವೇ ಬಾಸ್ ಖಡಾಖಂಡಿತವಾಗಿ ಹೇಳಿದ್ದರು: "ಇದು ಮೋಸದ ಮ್ಯೂಸಿಯಂ. ಇಲ್ಲಿಂದ ಹೊರಗೆ ಹೋಗುವ ಒಬ್ಬರೂ ಈ ಔಷಧಿಗಳನ್ನ ನಂಬಿಕೊಂಡು ಹೋಗಬಾರದು. ಪ್ರೊಬೇಶನ್ ಮುಗಿಯೋವರೆಗೆ ನಾನು ನೋಡೋದು ಅದೊಂದನ್ನೇ." ನನಗೆ ಈ ಕೆಲಸ ಬೇಕಿತ್ತು. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ಎಲ್ಲರ ಜೊತೆ ನೂಕಾಡಿಕೊಂಡು ನಿಲ್ಲುವುದೂ ಒಂದು ಸುಖ ಅಂತ ಮನೆಯಲ್ಲೇ ಕೂತು ಬೇಸತ್ತವರಿಗೆ ಮಾತ್ರ ಗೊತ್ತು.

ಅಮ್ಮನ ಫಾರ್ವರ್ಡ್

ಮೊದಲ ವಾರವೇ ಒಬ್ಬರು ಅಂಕಲ್ ಬಂದರು. ಬೆಂಗಳೂರಿನವರು, ಮಗಳ ಮನೆಗೆ ಬಂದಿದ್ದರು. ನಾನು ಮುಕ್ಕಾಲು ಗಂಟೆ ವಿವರಿಸಿದೆ. ಪ್ರತಿ ಮಾತಿಗೂ "ಹೌದಾ? ಅಯ್ಯೋ, ಎಂಥಾ ಮೋಸ!" ಅಂದರು. ನನಗೆ ತುಂಬ ಖುಷಿಯಾಯಿತು. ಹೊರಡುವ ಮುಂಚೆ ಒಂದು ಪೋಸ್ಟರಿನ ಫೋಟೋ ಹೊಡೆದುಕೊಂಡರು. ಅದರಲ್ಲಿ ಗುಲಾಬಿ ಕೆನ್ನೆಯ ಹೆಂಗಸೊಬ್ಬಳು ಊರುಗೋಲನ್ನು ಕಿಟಕಿಯಾಚೆ ಎಸೆಯುತ್ತಿದ್ದಾಳೆ.

ನಾಲ್ಕು ದಿನ ಕಳೆದಿರಬೇಕು. ಮೈಸೂರಿನಿಂದ ನಮ್ಮಮ್ಮನ ವಾಟ್ಸಾಪ್ ಬಂತು. ತೆರೆದು ನೋಡಿದರೆ ಅದೇ ಪೋಸ್ಟರು! ನಮ್ಮ ಟ್ಯೂಬ್‌ಲೈಟಿನ ನೆರಳೂ ಹಾಗೇ ಬಿದ್ದಿದೆ. ಕೆಳಗೆ ಯಾರೋ ಎರಡು ಕೈಮುಗಿದ ಚಿತ್ರ ಹಾಕಿ, 'ಮಂಡಿನೋವಿಗೆ ರಾಮಬಾಣ, ಎಲ್ಲರಿಗೂ ಕಳಿಸಿ' ಅಂತ ಸೇರಿಸಿದ್ದಾರೆ. ಆ ಅಂಕಲ್‌ಗೂ ನಮ್ಮಮ್ಮನಿಗೂ ಪರಿಚಯವೇ ಇಲ್ಲ. ಯಾವ ಯಾವ ಗ್ರೂಪು ದಾಟಿ ಬಂತೋ ದೇವರಿಗೇ ಗೊತ್ತು.

ಫೋನ್ ಮಾಡಿದೆ. "ಅಮ್ಮಾ, ಅದು ನಮ್ಮ ಮ್ಯೂಸಿಯಮ್ಮಿನ ಪೋಸ್ಟರ್. ಸುಳ್ಳು ಔಷಧಿ."

"ಸಿಂಗಾಪುರದ್ದು ಅಂತ ಬರ್ದಿದ್ರು. ನಿಮ್ಮಲ್ಲೇ ಇದ್ಯಾ? ಬರೋವಾಗ ತಗೊಂಡ್ ಬಾ."

"ಅಮ್ಮಾ, ಅದು ನೂರು ವರ್ಷಕ್ಕಿಂತ ಹಳೇದು!"

"ಹಳೇದಾದ್ರೆ ಒಳ್ಳೇದೇ ಆಯ್ತಲ್ಲ ಪುಟ್ಟಿ, ಈಗಿಂದೆಲ್ಲ ಬರೀ ಕಲಬೆರಕೆ."

ಕರೆಯದೆ ಬಂದದ್ದು

ಒಂದು ಶನಿವಾರ ಒಬ್ಬ ಎಂಜಿನಿಯರ್ ತಾಯಿಯನ್ನು ಕರೆದುಕೊಂಡು ಬಂದ. ಜುರಾಂಗ್ ಐಲ್ಯಾಂಡಿನ ರಿಫೈನರಿಯಲ್ಲಿ ಸೇಫ್ಟಿ ನೋಡಿಕೊಳ್ಳುವವನಂತೆ. ಬಾಟಲಿ ನೋಡಿದರೆ ಎದೆ ನಡುಗುವ ಜಾತಿ. 'ಹೆಂಗಸರ ಬಲವರ್ಧಕ' ಅನ್ನುವ ಟಾನಿಕ್ಕಿನಲ್ಲಿ ಎಷ್ಟು ಸಾರಾಯಿ ಇರುತ್ತಿತ್ತು ಅಂತ ನಾನು ಹೇಳಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದ.

"ಮೇಡಂ, ಇದು ಮೆಡಿಸಿನ್ ಅಲ್ಲ, ಫ್ಯುಯೆಲ್! ನಮ್ಮ ಪ್ಲಾಂಟ್‌ನಲ್ಲಿ ಸ್ಟೋರ್ ಮಾಡ್ಬೇಕಂದ್ರೆ ಪರ್ಮಿಟ್ ಬೇಕು."

ಬಾಟಲಿ ಖಾಲಿ ಅಂದೆ. "ಖಾಲೀದೇ ಜಾಸ್ತಿ ಡೇಂಜರ್, ಆವಿ ಇರುತ್ತೆ," ಅಂದ. ನೂರು ವರ್ಷಕ್ಕೂ ಹಳೆಯ ಆವಿ ಇನ್ನೂ ಒಳಗೇ ಕೂತಿದೆಯೇ ಅಂತ ನನಗೇ ಅನುಮಾನ ಬಂದು, ಒಂದು ಸಲ ಮೂಸಿಯೂ ನೋಡಿದೆ.

ಅವನ ತಾಯಿ ಬೇರೆಯದೇ ಲೋಕದಲ್ಲಿದ್ದರು. ಆ ಕಾಲದಲ್ಲಿ ಮದ್ಯಪಾನ ವಿರೋಧಿಸಿ ಮೆರವಣಿಗೆ ಹೋಗುತ್ತಿದ್ದ ಹೆಂಗಸರೇ ಸಂಜೆ ಮನೆಗೆ ಬಂದು ಈ ಟಾನಿಕ್ಕನ್ನು ಚಮಚಗಟ್ಟಲೆ ಕುಡಿಯುತ್ತಿದ್ದರು ಅಂತ ನಾನು ಹೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು. "ಎಂಥಾ ಕಪಟಿಗಳು ನೋಡಮ್ಮ! ನಮ್ಮನೇಲಿ ಇವ್ನು ಒಂದು ಬಿಯರ್ ಕ್ಯಾನ್ ತರೋ ಹಾಗಿಲ್ಲ. ವಾಸನೆ ಬಂದ್ರೆ ನಾನು ಊಟಾನೇ ಮಾಡಲ್ಲ."

ಮಗ ಮೆಲ್ಲಗೆ ಬಾಯಿ ಬಿಟ್ಟ. "ಅಮ್ಮಾ, ನೀನು ಊರಿಂದ ಸೂಟ್‌ಕೇಸ್‌ನಲ್ಲಿ ಆರು ಬಾಟಲಿ ಅರಿಷ್ಟ ತಂದಿದ್ಯಲ್ಲ, ಊಟ ಆದ್ಮೇಲೆ ತಗೋತೀಯಲ್ಲ, ಅದರ ಲೇಬಲ್ ಓದಿದ್ಯಾ? ಅದರಲ್ಲೂ ಆಲ್ಕೋಹಾಲ್ ಇದೆ."

ಆಂಟಿ ಟಾನಿಕ್ಕಿನ ಬಾಟಲಿಯ ಕಡೆ ಬಗ್ಗಿ ನೋಡಿದರು. ಅಂತೂ ಒಬ್ಬರಿಗಾದರೂ ನನ್ನ ಮ್ಯೂಸಿಯಂ ಅರ್ಥವಾಗುವ ಗಳಿಗೆ ಬಂತು ಅಂದುಕೊಂಡೆ.

"ಓದಿದ್ದೀನಿ ಕಣೋ," ಅಂದರು ಆಂಟಿ. "ಅದು ತಾನಾಗೇ ಹುಟ್ಟಿದ್ದು ಅಂತ ಬರ್ದಿದೆ. ನಾವು ಕರೀಲಿಲ್ಲ, ಅದಾಗೇ ಬಂದು ಕೂತಿದೆ. ಮನೆಗೆ ಬಂದವರನ್ನ ಓಡಿಸೋಕಾಗುತ್ತಾ?"

ಕರೆಂಟಿಲ್ಲದ ಬೆಲ್ಟು

ನಮ್ಮಲ್ಲಿ ವಿದ್ಯುತ್ ಬೆಲ್ಟ್ ಒಂದಿದೆ. ಸೊಂಟಕ್ಕೆ ಕಟ್ಟಿಕೊಂಡರೆ ನರಗಳಿಗೆ ಕರೆಂಟು ಹರಿದು ಗಂಡಸು ಮತ್ತೆ ಸಿಂಹವಾಗುತ್ತಾನೆ ಅಂತ ಅದರ ಜಾಹೀರಾತು. ಅಸಲಿ ಬೆಲ್ಟು ಗಾಜಿನ ಪೆಟ್ಟಿಗೆಯಲ್ಲಿದೆ. ಜನ ಕಟ್ಟಿಕೊಂಡು ನೋಡಲಿ ಅಂತ ಬಾಸ್ ಅದರಂತೆಯೇ ಇನ್ನೊಂದನ್ನು ಬಟ್ಟೆ ಮತ್ತು ತಗಡಿನಲ್ಲಿ ಹೊಲಿಸಿಟ್ಟಿದ್ದಾರೆ.

ಪಕ್ಕದ ಬೀದಿಯ ಬ್ಯಾಂಕಿನಲ್ಲಿರುವ ಕನ್ನಡಿಗರೊಬ್ಬರು ಮಧ್ಯಾಹ್ನದ ಊಟ ಮುಗಿಸಿ ಬಂದರು. ದಿನವಿಡೀ ಕೂತು ಕೂತು ಸೊಂಟ ಹಿಡಿದುಹೋಗಿದೆ ಅಂದರು. ಬೆಲ್ಟ್ ಕಟ್ಟಿಕೊಂಡು ಆ ಕಡೆ ಈ ಕಡೆ ಓಡಾಡಿದರು. ಬಗ್ಗಿದರು. ಎದ್ದರು. ಮುಖ ಅರಳಿತು.

"ಮೇಡಂ, ಪೇನ್ ಹೋಯ್ತು!"

"ಸರ್, ಅದರಲ್ಲಿ ಕರೆಂಟೇ ಇಲ್ಲ. ಬರೀ ಬಟ್ಟೆ."

"ಏನಂದ್ರಿ?"

"ವೈರೂ ಇಲ್ಲ, ಬ್ಯಾಟರೀನೂ ಇಲ್ಲ ಸರ್. ನೀವು ಊಟ ಆದ್ಮೇಲೆ ಹತ್ತು ನಿಮಿಷ ನಡೆದ್ರಲ್ಲ, ಅದಕ್ಕೇ ಹಗುರ ಆಗಿರುತ್ತೆ."

ಅವರು ಬೆಲ್ಟನ್ನು ಬಿಚ್ಚಿ, ತಿರುಗಿಸಿ, ಒಳಗೆ ಹೊರಗೆ ನೋಡಿದರು. ತಗಡನ್ನು ಬೆರಳಿನಿಂದ ತಟ್ಟಿದರು. ಈಗಲಾದರೂ ಬುದ್ಧಿಗೆ ಹೊಳೆಯಿತು ಅಂತ ನಾನು ಕಾಯುತ್ತಿದ್ದೆ.

"ಕರೆಂಟ್ ಇಲ್ಲದೇನೇ ಇಷ್ಟು ಕೆಲಸ ಮಾಡುತ್ತೆ ಅಂದ್ರೆ," ಅಂದರು ಭಯಭಕ್ತಿಯಿಂದ, "ಕರೆಂಟ್ ಕೊಟ್ರೆ ಏನ್ ಕಥೆ ಮೇಡಂ!"

ಒಂದು ಚಮಚ

ಆ ಬ್ಯಾಂಕಿನವರು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೆಲ್ಟ್ ಕಟ್ಟಿಕೊಂಡು ಬಗ್ಗಿ ಏಳುವ ವಿಡಿಯೋ ಮಾಡಿ, 'ತಂಜಾಂಗ್ ಪಗಾರ್‌ನಲ್ಲಿ ಹತ್ತೇ ನಿಮಿಷದಲ್ಲಿ ಸೊಂಟನೋವು ಮಾಯ' ಅಂತ ಇಂಟರ್ನೆಟ್ಟಿಗೆ ಹಾಕಿದರು. ಯಾರೋ ನೋಡಿ ದೂರು ಕೊಟ್ಟರು. ಅನುಮತಿಯಿಲ್ಲದೆ ಔಷಧಿ ಪ್ರಚಾರ ಮಾಡುತ್ತಿದ್ದೀರಂತೆ, ಬುಧವಾರ ಬಂದು ನೋಡುತ್ತೇವೆ ಅಂತ ಔಷಧಿ ಇಲಾಖೆಯ ಅಧಿಕಾರಿಯೊಬ್ಬರ ಫೋನ್ ಬಂತು.

"ಮುಚ್ಚಿ ಅಂದ್ರೆ ಮುಚ್ಚಬೇಕು," ಅಂದರು ಬಾಸ್. "ಮ್ಯೂಸಿಯಂ ಇಲ್ಲ ಅಂದ್ರೆ ನಿನ್ನ ಕೆಲಸವೂ ಇಲ್ಲ." ನನಗೆ ಅಳುವೇ ಬಂತು.

ಅದೇ ಬುಧವಾರ ಬುಕಿತ್ ಬಾಟೋಕ್ ಬಡಾವಣೆಯಿಂದ ಕನ್ನಡದ ಹಿರಿಯರ ಗುಂಪೊಂದು ಬರುವುದಿತ್ತು. ಬಾಸ್ ಒಂದು ಉಪಾಯ ಹೂಡಿದರು. ಆ ಕಾಲದ ಒಂದು ಟಾನಿಕ್ಕನ್ನು ಸಾರಾಯಿ ಬಿಟ್ಟು ನಾವೇ ಮಾಡಿ, ಬಂದವರಿಗೆಲ್ಲ ಒಂದೊಂದು ಚಮಚ ಕೊಡುವುದು. ಇದರಲ್ಲಿ ಔಷಧಿ ಏನೂ ಇಲ್ಲ, ಬರೀ ಸಿಹಿನೀರು ಅಂತ ಅವರ ನಾಲಿಗೆಗೇ ಗೊತ್ತಾಗಲಿ, ಅಧಿಕಾರಿಯೂ ಕಣ್ಣಾರೆ ನೋಡಲಿ ಅಂತ. ಬೆಲ್ಲ, ಶುಂಠಿ, ಏಲಕ್ಕಿ, ಮೆಣಸು ಹಾಕಿ ನಾನೇ ಮಾಡಿದೆ. ಮಾಡಿ ಮುಗಿಸಿದ ಮೇಲೆ ಹೊಳೆಯಿತು, ಇದು ನಮ್ಮ ರಾಮನವಮಿಯ ಪಾನಕ. ಆದರೆ ಅಷ್ಟಕ್ಕೆ ಏನಾದೀತು ಅಂದುಕೊಂಡೆ.

ಹಿರಿಯರು ಸಾಲಾಗಿ ನಿಂತರು. ಮೊದಲಿದ್ದವರು ನಿವೃತ್ತ ಹೆಡ್‌ಮಾಸ್ಟರು. ಚಮಚ ಮುಂದೆ ಬಂದದ್ದೇ ಬಲಗೈಯನ್ನು ಗುಳಿ ಮಾಡಿ, ಕೆಳಗೆ ಎಡಗೈ ಆನಿಸಿ ಒಡ್ಡಿದರು. ಬಾಯಿಗೆ ಹಾಕಬೇಕೆಂದಿದ್ದ ನಾನು ಅಂಗೈಗೆ ಹಾಕಿದೆ. ಹಾಕಿದವಳು ಒಂದಕ್ಕೆ ನಿಲ್ಲಿಸಿದೆನೇ? ಇಲ್ಲ, ಅಭ್ಯಾಸಬಲ, ಮೂರು ಸಲ ಹಾಕಿದೆ. ಅವರು ಕಣ್ಣು ಮುಚ್ಚಿ, ತೀರ್ಥ ತಗೊಳ್ಳುವಾಗಿನ ಮಂತ್ರವನ್ನು ಗೊಣಗಿ, ಸುರ್ರನೆ ಹೀರಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. ಹಿಂದಿದ್ದವರು ಅದನ್ನು ನೋಡಿ ಚಪ್ಪಲಿ ಬಿಟ್ಟರು. ಆಂಟಿಯರು ಸೆರಗು ಹೊದ್ದರು. ಒಬ್ಬರಂತೂ ಬಾಟಲಿಯ ಪಕ್ಕ ದಕ್ಷಿಣೆಯನ್ನೂ ಇಟ್ಟರು.

ಅಧಿಕಾರಿ ಮೆಟ್ಟಿಲು ಹತ್ತಿ ಬಂದದ್ದು ಸರಿಯಾಗಿ ಆಗಲೇ. ನಡುವಯಸ್ಸಿನ ಚೀನೀಯರು, ತಲೆ ನುಣ್ಣಗಿತ್ತು. ಬಂದವರೇ ಎಲ್ಲರೂ ತಲೆ ಸವರಿಕೊಳ್ಳುವುದನ್ನು ನೋಡಿ, "ಇದು ಕೂದಲು ಬೆಳೆಯೋದಕ್ಕಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರು ತಮ್ಮ ಶುದ್ಧ ಇಂಗ್ಲಿಷಿನಲ್ಲಿ ನೆರವಿಗೆ ಬಂದರು. "ನೋ ನೋ, ಕೂದಲಿಗಲ್ಲ. ಅಕಾಲ ಮರಣ ಬಾರದ ಹಾಗೆ. ಜೊತೆಗೆ ಎಲ್ಲ ರೋಗವೂ ಹೋಗುತ್ತೆ." ಪಾಪ, ಅವರು ಹೇಳಿದ್ದು ಮಂತ್ರದ ಅರ್ಥ.

"ಎಲ್ಲ ರೋಗವೂ?" ಅಧಿಕಾರಿಯ ಪೆನ್ನು ಹೊರಬಂತು.

"ಎಲ್ಲವೂ. ವಿತೌಟ್ ಎಕ್ಸೆಪ್ಶನ್."

ಬಾಸ್ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ನಾನು ತೊದಲುತ್ತ ವಿವರಿಸಿದೆ. ಇದು ಬೆಲ್ಲದ ನೀರು, ಅವರು ಹೇಳಿದ್ದು ದೇವಸ್ಥಾನದ ತೀರ್ಥದ ಮಾತು.

"ಹಾಗಾದರೆ ಇದು ತೀರ್ಥವೇ?"

"ಅಲ್ಲ ಸರ್."

"ಮತ್ತೆ ನೀವು ಮೂರು ಸಲ ಯಾಕೆ ಕೊಟ್ಟಿರಿ?"

ನಾನು ಚಮಚವನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಅಧಿಕಾರಿ ಹಿರಿಯರನ್ನೇ ಕೇಳಿದರು, ಇದು ಔಷಧಿ ಅಂತ ನಂಬುತ್ತೀರಾ ಅಂತ. "ಛೆ ಛೆ, ಔಷಧಿಗೆ ಬಿಪಿ ಮಾತ್ರೆ ಇದ್ಯಲ್ಲ," ಅಂದರು ಎಲ್ಲರೂ ಒಟ್ಟಿಗೆ. ಅಧಿಕಾರಿ ತುಂಬ ಹೊತ್ತು ಹಣೆ ಉಜ್ಜಿಕೊಂಡರು. ಔಷಧಿಯಾದರೆ ತಮ್ಮ ಇಲಾಖೆ, ತಿನಿಸಾದರೆ ಇನ್ನೊಂದು, ದೇವರದಾದರೆ ಮತ್ತೊಂದು, ಇದು ಯಾವುದೋ ತಿಳಿಯುತ್ತಿಲ್ಲ ಅಂದರು. ಕೊನೆಗೆ ಒಂದು ದಾರಿ ಹೇಳಿದರು. 'ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ' ಅಂತ ದೊಡ್ಡ ಅಕ್ಷರದಲ್ಲಿ ಇಂಗ್ಲಿಷ್, ಚೀನೀ ಎರಡರಲ್ಲೂ ಬೋರ್ಡು ಹಾಕಬೇಕು. ಬಂದವರು ಅದನ್ನು ಓದಿ ಅರ್ಥಮಾಡಿಕೊಳ್ಳುತ್ತಾರೋ ಇಲ್ಲವೋ ಅಂತ ಶನಿವಾರ ನೋಡಿ, ಆಮೇಲೆ ತೀರ್ಮಾನ.

ಶನಿವಾರ ಅಧಿಕಾರಿ ತಾಯಿಯ ಜೊತೆ ಬಂದರು. ರಜಾ ದಿನ, ಇಬ್ಬರೂ ಊಟಕ್ಕೆ ಹೊರಟಿದ್ದರಂತೆ. ಅಧಿಕಾರಿ ಬೋರ್ಡು ನೋಡಿ ತಲೆಯಾಡಿಸಿ ಪೆನ್ನು ತೆಗೆದರು. ಅಷ್ಟರಲ್ಲಿ ಅವರ ತಾಯಿ, ಎಂಬತ್ತರ ಆಸುಪಾಸಿನ ಅಜ್ಜಿ, ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. ಬಾಟಲಿ ನೋಡಿದರು. ಮಗನ ಕಡೆ ತಿರುಗಿ ಚೀನೀ ಭಾಷೆಯಲ್ಲಿ ಜೋರಾಗಿ ಏನೋ ಹೇಳಿದರು. ಅಧಿಕಾರಿಯ ಮುಖ ನೆತ್ತಿಯವರೆಗೂ ಕೆಂಪಾಯಿತು. 'ಎಲ್ಲ ಸರಿಯಾಗಿದೆ' ಅಂತ ಸರಸರನೆ ಗೀಚಿ ಸಹಿ ಹಾಕಿ, ತಾಯಿಯ ಕೈ ಹಿಡಿದು ದಡದಡನೆ ಮೆಟ್ಟಿಲು ಇಳಿದೇಬಿಟ್ಟರು. ಅಜ್ಜಿ ಇಳಿಯುತ್ತಲೂ ಮಾತಾಡುತ್ತಲೇ ಇದ್ದರು.

ಮ್ಯೂಸಿಯಂ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಬಾಸ್ ಮಾತ್ರ ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಜ್ಜಿ ಏನಂದರು ಅಂತ ಕೇಳಿದೆ. ಕಣ್ಣೊರೆಸಿಕೊಂಡು ಹೇಳಿದರು:

"'ಊರಲ್ಲಿರೋ ಔಷಧಿಯವರೆಲ್ಲ ವಾಸಿಯಾಗುತ್ತೆ, ವಾಸಿಯಾಗುತ್ತೆ ಅಂತಾರೆ. ಆಗಲ್ಲ ಅಂತ ನಿಜ ಹೇಳಿದವರು ಇವರೊಬ್ಬರೇ. ಇಂಥವರ ಔಷಧೀನೇ ನಂಬಬೇಕು. ಎರಡು ಬಾಟಲಿ ತಗೋ ಮಗನೇ. ಒಂದು ನನ್ನ ಕಾಲಿಗೆ, ಒಂದು ನಿನ್ನ ತಲೆಗೆ.'"