ಮೂರೂವರೆಗೆ ಸರಿಯಾಗಿ ನಗುವುದು

ಮನುಷ್ಯರನ್ನು ಸಂತೋಷವಾಗಿಡುವುದು ಮಹಾ ಕಷ್ಟವೇನಲ್ಲ, ಒಂದು ಒಳ್ಳೆಯ ವೇಳಾಪಟ್ಟಿ ಇದ್ದರೆ ಸಾಕು ಎಂದು ನಾನು ಬಹಳ ಕಾಲ ನಂಬಿದ್ದೆ. ಇದು ನನ್ನೊಬ್ಬನ ತಪ್ಪಲ್ಲ. ನಾನು ಬೆಳೆದದ್ದು ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ನಮ್ಮ ಮನೆಯಲ್ಲಿ ಹಸಿವಾಗುತ್ತಿದ್ದದ್ದೂ ಗಣಿಯ ಸೈರನ್ ಕೂಗಿದ ಮೇಲೆಯೇ. ಮುಂದೆ ಅದೇ ಗಣಿಯಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು. ಗಣಿ ಮುಚ್ಚಿತು, ನನ್ನೊಳಗಿನ ಸೈರನ್ ಮಾತ್ರ ನಿಲ್ಲಲಿಲ್ಲ.

ಈಗ ನಾನು ಬಂಗಾರಪೇಟೆಯಲ್ಲಿ ಪಾನಿಪೂರಿಯ ಪೂರಿ ಮಾಡುವ ಒಂದು ಸಣ್ಣ ಘಟಕದ ಮೇಲ್ವಿಚಾರಕ. ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಿಂದ ಹನ್ನೆರಡು ಹೆಂಗಸರು ಬೆಳಗಿನ ಬಸ್ಸಿಗೆ ಬರುತ್ತಾರೆ. ಅಂದರೆ, ಹನ್ನೆರಡು ಮಂದಿ ಇದ್ದರು. ಎರಡು ತಿಂಗಳಲ್ಲಿ ಮೂವರು ಬಿಟ್ಟು ಹೋದಾಗ ಘಟಕದ ಒಡತಿ ಸರಳಾ ನನ್ನನ್ನು ಕರೆಸಿದರು. ವಯಸ್ಸಿನಲ್ಲಿ ನನ್ನ ಮಗಳಂಥವರು. "ಅಂಕಲ್, ಎಲ್ರೂ ತುಂಬಾ ಟೆನ್ಶನ್ ಆಗುತ್ತೆ ಅಂತಾರೆ. ಸ್ವಲ್ಪ ಖುಷಿಯಾಗಿ ಇಟ್ಕೊಳ್ಳಿ. ಇನ್ನೊಬ್ರು ಬಿಟ್ಟೋದ್ರೆ ನಾನು ಬೇರೆ ಸೂಪರ್‌ವೈಸರ್ ನೋಡ್ಕೋಬೇಕಾಗುತ್ತೆ" ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹಾಲು ಕರೆಯುವ ಮನೆತನದವಳು. "ಗದರಿಸಿದ್ರೆ ಹಸುನೂ ಹಾಲು ಇಳಿಸಲ್ಲ, ಹೆಂಗಸ್ರು ಇಳಿಸ್ತಾರಾ?" ಎಂದಳು. ಉಪಮೆ ಅಷ್ಟು ಹೊಂದಲಿಲ್ಲವಾದರೂ ಅದನ್ನು ತೋರಿಸಿಕೊಡುವ ಧೈರ್ಯ ನನಗಿರಲಿಲ್ಲ.

ಮರುದಿನವೇ ಗೋಡೆಗೆ ಹೊಸ ವೇಳಾಪಟ್ಟಿ ಅಂಟಿಸಿದೆ. ಹನ್ನೊಂದು ಗಂಟೆಗೆ ಹತ್ತು ನಿಮಿಷ ದೀರ್ಘ ಉಸಿರಾಟ. ಮೂರೂವರೆಯಿಂದ ಮೂರೂಮುಕ್ಕಾಲರವರೆಗೆ ನಗು. ನಾನು ಗಂಟೆ ಬಾರಿಸಬೇಕು, ಅವರು ನಗಬೇಕು. ಎರಡು ದಿನ ನಕ್ಕರು. ತಡವಾಗಿ ನಕ್ಕವರ ಹೆಸರು ಬರೆದುಕೊಂಡೆ. ಗಂಟೆಗೆ ಮೊದಲೇ ನಕ್ಕ ಒಬ್ಬಳಿಗೆ ತಿಳಿವಳಿಕೆ ಹೇಳಿದೆ. ಮೂರನೆಯ ದಿನ, ಹಿಟ್ಟು ಲಟ್ಟಿಸುವ ಮುನಿಲಕ್ಷ್ಮಮ್ಮ ಎದ್ದು ನಿಂತು, "ಸಾರ್, ನಾಳೆದೂ ಇವತ್ತೇ ನಕ್ಬುಡ್ತೀವಿ, ನಾಳೆ ಒಂದಿನ ಬುಟ್ಬುಡಿ ಸಾರ್" ಎಂದಳು.

ಶನಿವಾರ ಮಧ್ಯಾಹ್ನ ವೆಂಕಟಮ್ಮ ಬಂದಳು. ಬಾಣಲೆಯ ಮುಂದೆ ಕೂರುವವಳು ಅವಳೇ. ಅವಳ ಕೈಯಲ್ಲಿ ಉಬ್ಬದ ಪೂರಿಯೇ ಇಲ್ಲ.

"ಸೋಮಾರದಿಂದ ನಾನ್ ಬರಲ್ಲ ಸಾರ್."

"ಯಾಕಮ್ಮ, ಕೆಲಸ ಕಷ್ಟವಾ?"

"ಕೆಲ್ಸ ಏನ್ ಕಷ್ಟ ಇಲ್ಲ ಸಾರ್. ನಗಾದೇ ಕಷ್ಟ."

ಅವಳು ಹೋದರೆ ನಾನೂ ಹೋದಂತೆಯೇ. ಒಡತಿಗೆ ನಾನೇ ಮೊದಲು ಹೇಳಿಬಿಡುವುದು ಮರ್ಯಾದೆ ಎಂದುಕೊಂಡು, ಮೂರೂವರೆಯ ಗಂಟೆಯನ್ನೂ ಬಾರಿಸದೆ ಫೋನ್ ಹಿಡಿದು ಹೊರಗೆ ಹೋದೆ. ಬಾದಾಮಿ ಮರದ ಕೆಳಗೆ ನಿಂತು ನಂಬರ್ ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ. ಅಷ್ಟರಲ್ಲಿ ಒಳಗಿನಿಂದ ಭಾರಿ ನಗು ಕೇಳಿಸಿತು. ಗಂಟೆಯಿಲ್ಲದೆ! ಕಿಟಕಿಯಲ್ಲಿ ಇಣುಕಿದೆ.

ನನ್ನ ಕುರ್ಚಿಯಲ್ಲಿ ಮುನಿಲಕ್ಷ್ಮಮ್ಮ ಕೂತಿದ್ದಳು. ಗಂಟಲು ಸರಿಮಾಡಿಕೊಂಡು, ಲಟ್ಟಣಿಗೆಯನ್ನು ಪೆನ್ನಿನಂತೆ ಹಿಡಿದು ಗದರಿದಳು: "ಟೈಮಾಯ್ತು! ಎಲ್ರೂ ಉಸ್ರು ಒಳಕ್ಕೆ! ಯಾರಮ್ಮ ಅದು, ಪರ್ಮಿಶನ್ ಇಲ್ದೆ ಉಸ್ರು ಬುಟ್ಟಿದ್ದು?"

ಬಾಣಲೆಯ ಹಿಂದಿನಿಂದ ವೆಂಕಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂಗಿದಳು: "ಸಾರ್, ಈ ಪೂರಿ ಉಬ್ಬುಬುಡ್ತು ಸಾರ್! ಕೇಳ್ದೇನೇ ಉಬ್ಬುಬುಡ್ತು!"

"ಅದರ ಎಸ್ರು ಬರ್ಕಳಮ್ಮ! ಸೋಮಾರ ಅರ್ಧ ಗಂಟೆ ಮೊದ್ಲೇ ಬಂದು ಉಬ್ಬಬೇಕು ಅಂತೇಳು!"

ನಗುತ್ತಿದ್ದರೂ ಒಬ್ಬರ ಕೈಯೂ ನಿಂತಿರಲಿಲ್ಲ. ನನಗೆ ಸಿಟ್ಟು ಬಂತು ಎಂದರೆ ಸುಳ್ಳು. ನಾನು ಕೈಗಡಿಯಾರ ಕಟ್ಟುವುದು ಎಡಗೈಗೆ, ಮುನಿಲಕ್ಷ್ಮಮ್ಮ ಟೈಮಿಗೆ ಬಲಗೈ ನೋಡಿಕೊಳ್ಳುತ್ತಿದ್ದಳು. ಒಳಗೆ ಹೋಗಿ ಅದನ್ನೊಂದು ತಿದ್ದಿ ಬರೋಣವೆನ್ನಿಸಿತು. ಹೇಗೋ ತಡೆದುಕೊಂಡೆ.

ನಾಟಕ ಮುಗಿದ ಮೇಲೆ ಕೆಮ್ಮಿ ಒಳಗೆ ಕಾಲಿಟ್ಟೆ. ಎಲ್ಲರೂ ತಲೆ ತಗ್ಗಿಸಿದರು. ಗೋಡೆಯ ಕಾಗದ ಕಿತ್ತು ಹೇಳಿದೆ: "ಉಸಿರಾಟ, ನಗು ಎರಡೂ ರದ್ದು. ಸೋಮವಾರದಿಂದ ಮೂರೂವರೆಯಿಂದ ಮೂರೂಮುಕ್ಕಾಲರವರೆಗೆ ನನಗೆ ಹೊರಗೆ ಕೆಲಸವಿರುತ್ತೆ."

"ದಿನಾಲೂನಾ ಸಾರ್?" ಎಂದಳು ವೆಂಕಟಮ್ಮ.

"ದಿನಾಲೂ."

ಅವಳು ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು. ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ಒಲೆ ಹಚ್ಚಿದಳು.

ಅಂದಿನಿಂದ ಯಾರೂ ಬಿಟ್ಟು ಹೋಗಿಲ್ಲ. ಖುಷಿಯಾಗಿಡುವುದು ಹೇಗೆಂದು ನನ್ನಿಂದ ಬೇರೆಯವರೂ ಕಲಿಯಬೇಕು ಎಂದು ಸರಳಾ ಹೇಳುತ್ತಿರುತ್ತಾರೆ. ಅದಕ್ಕೆ ನಾನು ಇಲ್ಲದಿರುವುದೇ ಉಪಾಯ ಎಂದು ಅವರಿಗೆ ಇನ್ನೂ ಹೇಳಿಲ್ಲ. ನಿನ್ನೆ ಮರದ ಕೆಳಗೆ ನಿಂತಿದ್ದಾಗ ದಪ್ಪ ಹನಿಗಳ ಮಳೆ ಬಂತು. ತಲೆಗೆ ಕರವಸ್ತ್ರ ಹಾಕಿಕೊಂಡು ಓಡಿ ಬಂದು ಬಾಗಿಲು ತಳ್ಳಿದೆ. ನನ್ನ ಕುರ್ಚಿಯಲ್ಲಿದ್ದ ಮುನಿಲಕ್ಷ್ಮಮ್ಮ ಏಳಲಿಲ್ಲ. ಗೋಡೆ ಗಡಿಯಾರ ನೋಡಿ, "ಇನ್ನೂ ಎರಡು ನಿಮಿಷ ಐತೆ ಸಾರ್" ಎಂದಳು.

ನಾನು ಗಡಿಯಾರ ನೋಡಿದೆ. ಅವಳ ಲೆಕ್ಕ ಸರಿಯಾಗಿತ್ತು. ಬಾಗಿಲು ಎಳೆದುಕೊಂಡು ಮತ್ತೆ ಮಳೆಗಿಳಿದೆ.